ಇನುಯಾಶಾ, ಕಗೋಮೆ, ಕಿಕ್ಯೊ: ಆರದ ಮೊದಲ ಪ್ರೀತಿ ಮತ್ತು ಹೊಟ್ಟೆಕಿಚ್ಚಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಕಾಹಾಶಿ ರುಮಿಕೊ ಅವರ ‘ಇನುಯಾಶಾ’ ಎಂಬ ಮಂಗಾ, ಅಂದರೆ ಜಪಾನಿ ಚಿತ್ರಕಥೆ, ಓದಿದವರು ಇಬ್ಬರು ಸೇರಿದರೆ ಸಾಕು, ಮಾತು ಎಲ್ಲಿಂದ ಶುರುವಾದರೂ ಕಿಕ್ಯೊ ಹತ್ತಿರ ಬಂದು ನಿಲ್ಲುತ್ತದೆ. ಕತ್ತಿ, ರಾಕ್ಷಸರು, ಮಣಿಯ ಚೂರು ಎಲ್ಲ ಆಮೇಲೆ. ಗೆಳತಿಯರು, ತಂಗಿಯ ಜೊತೆ ಓದುವ ಹುಡುಗಿಯರು, ನಾನು ಬರೆದದ್ದನ್ನು ಓದಿ ಪತ್ರ ಹಾಕಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಕಥೆ ಗೊತ್ತಿಲ್ಲದವರ ಪ್ರಶ್ನೆಗಳು ಮೊದಲು, ಓದಿ ಮುಗಿಸಿದವರದ್ದು ಆಮೇಲೆ. ಕಥೆಯ ಕೊನೆಯನ್ನು ಮುಚ್ಚಿಟ್ಟಿಲ್ಲ. ಅದು ಈಗಲೇ ಬೇಡ ಅನ್ನುವವರು ಮೊದಲ ಭಾಗಕ್ಕೆ ನಿಲ್ಲಿಸಿ.

## ಕಥೆಗೆ ಹೊಸಬರಿಗೆ

ಇದು ಯಾವ ಕಥೆ? ಎರಡೇ ನಿಮಿಷದಲ್ಲಿ ಹೇಳಿಬಿಡಿ.

ಹಿಗುರಾಶಿ ಕಗೋಮೆ ಈಗಿನ ಟೋಕಿಯೊದ ಶಾಲೆಯ ಹುಡುಗಿ. ಅವಳ ಮನೆ ಇರುವುದೇ ಒಂದು ಶಿಂತೊ ದೇಗುಲದ ಆವರಣದಲ್ಲಿ. ಹದಿನೈದು ತುಂಬಿದ ದಿನ ಅಲ್ಲಿನ ಹಳೇ ಬಾವಿಯಿಂದ ಶತಪದಿ ರಾಕ್ಷಸಿಯೊಂದು ಎದ್ದು ಅವಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲೆ ಹತ್ತಿ ಬಂದರೆ ಸುಮಾರು ಐನೂರು ವರ್ಷ ಹಿಂದಿನ ಜಪಾನು, ಸೆಂಗೊಕು ಎಂಬ ಯುದ್ಧಗಳ ಕಾಲ. ಅಲ್ಲೊಂದು ದೊಡ್ಡ ಮರ. ಎದೆಗೆ ಬಾಣ ನೆಟ್ಟು ಆ ಮರಕ್ಕೆ ಜಡಿದ ಹಾಗೆ ಬೆಳ್ಳಿ ಕೂದಲಿನ, ನಾಯಿ ಕಿವಿಯ ಹುಡುಗನೊಬ್ಬ ನಿದ್ದೆ ಹೋಗಿದ್ದಾನೆ. ಅವನೇ ಇನುಯಾಶಾ, ತಾಯಿ ಮನುಷ್ಯಳು, ತಂದೆ ನಾಯಿ ಕುಲದ ರಾಕ್ಷಸ. ಐವತ್ತು ವರ್ಷ ಹಿಂದೆ ಆ ಬಾಣ ಬಿಟ್ಟವಳು ಕಿಕ್ಯೊ, ಬೇಡಿದ್ದನ್ನು ಈಡೇರಿಸುವ ಶಿಕೊನ್ ಮಣಿಯನ್ನು ಕಾಯುತ್ತಿದ್ದ ಪೂಜಾರಿಣಿ, ಅವನ ಮೊದಲ ಪ್ರೀತಿ. ಕಗೋಮೆ ಆ ಕಿಕ್ಯೊಳ ಮರುಹುಟ್ಟು. ಮಣಿ ಕಗೋಮೆಯ ಬಾಣಕ್ಕೆ ಸಿಕ್ಕಿ ಚೂರುಚೂರಾಗುತ್ತದೆ, ಅದನ್ನು ಆರಿಸಲು ಇಬ್ಬರೂ ಹೊರಡುತ್ತಾರೆ. ಇವರಿಬ್ಬರು ಒಬ್ಬರಿಗೊಬ್ಬರು ಹತ್ತಿರವಾಗುವ ಹೊತ್ತಿಗೆ ಸತ್ತ ಕಿಕ್ಯೊ ಎದ್ದು ಬರುತ್ತಾಳೆ.

ಎಷ್ಟು ಉದ್ದ ಇದೆ? ಅನಿಮೆ ನೋಡಿದರೆ ಸಾಕಾ?

1996ರ ನವೆಂಬರಿನಿಂದ 2008ರ ಜೂನ್‌ವರೆಗೆ ‘ವೀಕ್ಲಿ ಶೋನೆನ್ ಸಂಡೇ’ ಪತ್ರಿಕೆಯಲ್ಲಿ ಬಂತು. 558 ಅಧ್ಯಾಯ, 56 ಸಂಪುಟ. ಸನ್‌ರೈಸ್ ಸ್ಟುಡಿಯೊದ ಅನಿಮೆ, ಅಂದರೆ ಟಿವಿ ಕಾರ್ಟೂನು, 2000ದಿಂದ 2004ರವರೆಗೆ 167 ಕಂತು ನಡೆದು, ಮಂಗಾ ಮುಗಿಯುವ ಮೊದಲೇ ನಿಂತಿತು. ಉಳಿದದ್ದು 2009–10ರಲ್ಲಿ 26 ಕಂತಾಗಿ ಬಂತು. ಈ ಮೂವರ ಕಥೆಯೇ ಮುಖ್ಯ ಅನ್ನುವವರು ಮಂಗಾ ಓದಿ. ಕೊನೆಯ 26 ಕಂತುಗಳಲ್ಲಿ ಕಥೆ ಓಡುತ್ತದೆ. ಮಂಗಾದಲ್ಲಿ ಮಾತಿಲ್ಲದ ಚೌಕಗಳು ಮಾಡುವ ಕೆಲಸಕ್ಕೆ ಅಲ್ಲಿ ಪುರುಸೊತ್ತಿಲ್ಲ. ಆದರೆ ಐವತ್ತು ವರ್ಷ ಹಿಂದಿನ ಕಥೆಯನ್ನು ನಿಧಾನವಾಗಿ ಬಿಡಿಸಿ ತೋರಿಸುವ 147, 148ನೇ ಕಂತುಗಳನ್ನು ತಪ್ಪಿಸಬೇಡಿ.

ಹೆಸರುಗಳು ಎಲ್ಲೋ ಕೇಳಿದ ಹಾಗಿವೆಯಲ್ಲ?

ಕೇಳಿಯೇ ಇದ್ದೀರಿ. ‘ಇನು’ ಅಂದರೆ ನಾಯಿ. ‘ಯಾಶಾ’ ನಮ್ಮ ಯಕ್ಷ, ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಜಪಾನಿಗೆ ಹೋದ ಶಬ್ದ. ಕಥೆಯ ಖಳನಾಯಕ ನರಾಕುವಿನ ಹೆಸರು ನಮ್ಮ ನರಕ. ಜೊತೆಯಲ್ಲಿ ತಿರುಗುವ ಭಿಕ್ಷು ಮಿರೊಕುವಿನ ಹೆಸರು ಮೈತ್ರೇಯನದ್ದು. ಈ ಇಬ್ಬರು ಹೆಣ್ಣುಗಳ ಹೆಸರು ಮಾತ್ರ ಬೇರೆ ಬಗೆಯದ್ದು. ಕಿಕ್ಯೊ ಅಂದರೆ ಗಂಟೆಯಾಕಾರದ ನೇರಳೆ ಹೂವು. ಕಗೋಮೆ ಅಂದರೆ ಬಿದಿರು ಬುಟ್ಟಿಯ ಹೆಣಿಗೆಯಲ್ಲಿ ಕಾಣುವ ಕಣ್ಣು.

ಹೊಟ್ಟೆಕಿಚ್ಚು ಅಂತೀರಲ್ಲ, ಇದು ಸವತಿ ಮತ್ಸರ ಅಲ್ವಾ?

ಅಲ್ಲ. ಸವತಿಯರು ಒಂದೇ ಕಾಲದಲ್ಲಿ ಒಂದೇ ಮನೆಗೆ ಹಕ್ಕು ಹೂಡುವವರು. ಕಗೋಮೆಗೆ ಅಂಥ ಹಕ್ಕೇ ಇಲ್ಲ, ಅದು ಅವಳಿಗೂ ಗೊತ್ತು. ತನಗಿಂತ ಮೊದಲು ಬಂದವಳು, ಅನ್ಯಾಯವಾಗಿ ಸತ್ತವಳು, ಅವಳ ಮೇಲೆ ಕೋಪ ಮಾಡಿಕೊಂಡರೆ ಮಾಡಿಕೊಂಡವರಿಗೇ ನಾಚಿಕೆ. ಜಪಾನಿಯಲ್ಲಿ ಇದಕ್ಕೆ ‘ಯಾಕಿಮೊಚಿ’ ಅನ್ನುತ್ತಾರೆ, ಅಕ್ಷರಶಃ ಕೆಂಡದಲ್ಲಿ ಸುಟ್ಟ ಮೋಚಿ. ಅಂಟಕ್ಕಿಯ ಆ ಉಂಡೆ ಶಾಖ ತಗುಲಿದರೆ ಒಳಗಿನಿಂದ ಉಬ್ಬುತ್ತದೆ. ನಾವೂ ಅವರೂ ಈ ಭಾವಕ್ಕೆ ಬೆಂಕಿಯನ್ನೇ ನೆನೆದಿದ್ದೇವೆ, ಒಳಗೇ ಉರಿಯುವ ಬೆಂಕಿಯನ್ನು. ಕಗೋಮೆಯ ವಿಷಯದಲ್ಲಿ ಹೊಟ್ಟೆಕಿಚ್ಚು ಎಂಬ ಮಾತೇ ಸರಿ, ಅಸೂಯೆ ಅಂದರೆ ತಣ್ಣಗಾಗಿಬಿಡುತ್ತದೆ.

## ಮೂವರ ನಡುವೆ

ಇನುಯಾಶಾ ಇಬ್ಬರನ್ನೂ ಇಟ್ಕೊಂಡು ಆಟ ಆಡ್ತಿದ್ದಾನೆ. ಇದನ್ನ ಹೇಗೆ ಸಮರ್ಥಿಸ್ತೀರಿ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಜಪಾನಿನ ಓದುಗರೂ ಇದಕ್ಕೆ ‘ಫುತಮತಾ’ ಅಂದರು, ಎರಡು ಕವಲಿನ ದಾರಿ ಎಂದು.

ಮೊದಲು ಐವತ್ತು ವರ್ಷದ ಲೆಕ್ಕ ನೋಡಿ. ಆ ಹಿಂದಿನ ದಿನಗಳಲ್ಲಿ ಇನುಯಾಶಾ, ಕಿಕ್ಯೊ ಇಬ್ಬರೂ ಒಟ್ಟಿಗೆ ಬಾಳುವ ಮಾತಾಗಿತ್ತು. ಮಣಿಯ ಬಲದಿಂದ ಅವನು ಪೂರ್ತಿ ಮನುಷ್ಯನಾಗುವುದು, ಮಣಿ ಇಲ್ಲದ ಮೇಲೆ ಅವಳು ಕಾವಲಿನಿಂದ ಬಿಡುಗಡೆಯಾಗಿ ಸಾಮಾನ್ಯ ಹೆಂಗಸಾಗುವುದು. ನರಾಕು ಇನುಯಾಶಾನ ವೇಷದಲ್ಲಿ ಬಂದು ಅವಳನ್ನು ಸೀಳಿದ, ಕಿಕ್ಯೊಳ ವೇಷದಲ್ಲಿ ಹೋಗಿ ಅವನ ಮೇಲೆ ಬಾಣ ಬಿಟ್ಟ. ಇಬ್ಬರೂ ಒಬ್ಬರನ್ನೊಬ್ಬರು ದ್ರೋಹಿ ಅಂದುಕೊಂಡರು. ಅವಳು ಅವನನ್ನು ಮರಕ್ಕೆ ಜಡಿದು ಅದೇ ದಿನ ಸತ್ತಳು, ಮಣಿಯನ್ನು ಅವಳ ಜೊತೆಗೇ ಸುಟ್ಟರು.

ಈಗ ಅವನು ಕಣ್ಣು ಬಿಟ್ಟಾಗ ಏನಾಗಿದೆ? ಕಿಕ್ಯೊಳ ಪುಟ್ಟ ತಂಗಿ ಕಯೆಡೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕಿಯಾಗಿದ್ದಾಳೆ. ಆ ಐವತ್ತು ವರ್ಷವನ್ನು ನಿಜವಾಗಿ ಬದುಕಿದವಳು ಅವಳೊಬ್ಬಳೇ. ಇನುಯಾಶಾಗೆ ಎದೆಗೆ ಬಾಣ ಬಿದ್ದದ್ದು ನಿನ್ನೆ. ಅತ್ತು ಮುಗಿಸಲು, ಬೈದು ಮುಗಿಸಲು, ಮರೆಯಲು ಅವನಿಗೆ ಒಂದು ದಿನವೂ ಸಿಕ್ಕಿಲ್ಲ. ಮುಗಿದ ಪ್ರೀತಿಯನ್ನು ಮನುಷ್ಯ ಹೇಗೋ ಹಿಂದೆ ಬಿಟ್ಟು ನಡೆಯುತ್ತಾನೆ, ಇದು ಮುಗಿದದ್ದಲ್ಲ, ಮೂರನೆಯವನೊಬ್ಬ ನಡುವೆ ಕತ್ತರಿಸಿದ್ದು. ಹಾಗಾಗಿ ಕಿಕ್ಯೊ ಎದ್ದು ಬಂದಾಗ ಅವನು ಓಡಿದ್ದನ್ನು ನಾನು ತಪ್ಪು ಅನ್ನಲಾರೆ.

ಅವನ ತಪ್ಪು ಬೇರೆ ಇದೆ. ಕಿಕ್ಯೊ ಹತ್ತಿರ ಹೋಗಿ ಬಂದ ಮೇಲೆ ಅವನು ಬಾಯಿ ಬಿಡುವುದಿಲ್ಲ. ಕಗೋಮೆಯ ಎದುರು ತಲೆ ತಗ್ಗಿಸಿ ಕೂರುತ್ತಾನೆ, ಮುಖ ನೋಡಿಯೇ ಅವಳು ಎಲ್ಲ ತಿಳಿದುಕೊಳ್ಳಬೇಕು. ಆ ಮೌನದ ಭಾರ ಹೊರುವವಳು ಅವಳು. ಇದನ್ನು ಕ್ಷಮಿಸಲು ನನಗೆ ಇವತ್ತಿಗೂ ಕಷ್ಟ.

ಕಿಕ್ಯೊ ವಿಲನ್ ತಾನೇ? ನನಗಂತೂ ಅವಳನ್ನ ಕಂಡ್ರೆ ಆಗಲ್ಲ.

ಪಿಯುಸಿ ಓದುವಾಗ ನಾನೂ ಅವಳು ಬರುವ ಪುಟಗಳನ್ನು ಹಾರಿಸಿ ಓದುತ್ತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಮತ್ತೊಮ್ಮೆ ಮೊದಲಿನಿಂದ ಓದಿದಾಗ, ಹಾರಿಸಿದ ಆ ಪುಟಗಳಲ್ಲೇ ಹೆಚ್ಚು ಹೊತ್ತು ಕೂತೆ.

ಎದ್ದು ಬಾ ಎಂದು ಅವಳನ್ನು ಕರೆದವರು ಯಾರು? ಉರಾಸುಯೆ ಎಂಬ ಮಾಟಗಾತಿ ಅವಳ ಮೂಳೆ, ಗೋರಿಯ ಮಣ್ಣು ಕದ್ದು ಗೊಂಬೆ ಸುಟ್ಟು ನಿಲ್ಲಿಸಿದಳು. ಆ ಮೈಯೊಳಗೆ ರಕ್ತವಿಲ್ಲ. ಸತ್ತ ಹೆಂಗಸರ ಆತ್ಮಗಳನ್ನು ಹಾವಿನಂಥ ಜೀವಿಗಳು ಹೊತ್ತು ತಂದು ಒಳಗೆ ತುಂಬಿದರೆ ಮಾತ್ರ ಅವಳು ನಡೆದಾಡಬಲ್ಲಳು. ದ್ರೋಹವಾಯಿತು ಎಂಬ ಉರಿಯಲ್ಲೇ ಸತ್ತವಳು ಆ ಉರಿಯಲ್ಲೇ ಕಣ್ಣು ಬಿಟ್ಟಳು. ಅವಳು ತಪ್ಪು ಮಾಡಿಲ್ಲ ಅನ್ನುವುದಿಲ್ಲ. ಇನುಯಾಶಾನನ್ನು ತನ್ನ ಜೊತೆ ಪಾತಾಳಕ್ಕೆ ಎಳೆದುಕೊಂಡು ಹೋಗಲು ನೋಡಿದಳು, ಕಗೋಮೆಯಿಂದ ಮಣಿಯ ಚೂರು ಕಿತ್ತು ನರಾಕುಗೆ ಕೊಟ್ಟಳು. ಅದೇ ಕಿಕ್ಯೊ ಯಾವುದೋ ಹಳ್ಳಿಯಲ್ಲಿ ಗಾಯಾಳುಗಳಿಗೆ ಔಷಧಿ ಕಟ್ಟುತ್ತಾ ಮಕ್ಕಳ ನಡುವೆ ಕೂತಿರುತ್ತಾಳೆ. ಬದುಕಿದ್ದಾಗ ಕಾವಲು, ಸತ್ತ ಮೇಲೂ ಕಾವಲು. ತನಗಾಗಿ ಬದುಕಲು ಹೊರಟ ಒಂದೇ ದಿನ ಅವಳು ಕೊಲೆಯಾದಳು.

ಕಗೋಮೆ ಅವಳ ಮರುಜನ್ಮ ಅಂದಮೇಲೆ ಇಬ್ಬರೂ ಒಬ್ಬಳೇ ಅಲ್ವಾ? ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಟ್ಟ ಹಾಗಾಯ್ತು!

ನಮ್ಮ ಸಿನಿಮಾಗಳ ಪುನರ್ಜನ್ಮದ ಲೆಕ್ಕದಲ್ಲಿ ಹೌದು. ಅಲ್ಲಿ ಹಳೇ ಜನ್ಮ ನೆನಪಾದರೆ ಸಾಕು, ಪ್ರೀತಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ತಕಾಹಾಶಿ ಈ ಸುಲಭದ ಬಾಗಿಲನ್ನು ಬೇಕೆಂದೇ ಮುಚ್ಚಿದ್ದಾರೆ. ಕಗೋಮೆಗೆ ಹಳೆಯದು ಏನೂ ನೆನಪಿಲ್ಲ. ಹಿಂದಿನ ಜನ್ಮದವಳು ಎದುರಿಗೇ ಎದ್ದು ನಿಂತು ಮಾತಾಡುತ್ತಿದ್ದಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ನೀನು ಕಿಕ್ಯೊಳ ಹಾಗೇ ಇದ್ದೀ ಎನ್ನುವ ಮಾತೇ ಅವಳಿಗೆ ಅತಿ ದೊಡ್ಡ ಗಾಯ. ಅವನು ನನ್ನನ್ನು ನೋಡುವಾಗ ಯಾರನ್ನು ನೋಡುತ್ತಿದ್ದಾನೆ ಎಂಬ ಅನುಮಾನಕ್ಕೆ ಮುಖವೇ ಕಾರಣವಾದರೆ ಆ ಮುಖವನ್ನು ಎಲ್ಲಿ ಇಡುವುದು? ಒಂದು ಸಮಾಧಾನ ಎಂದರೆ ಇನುಯಾಶಾ ಮೊದಲ ಭೇಟಿಯಲ್ಲೇ ಮೂಸಿ ನೋಡಿ ಇವಳು ಕಿಕ್ಯೊ ಅಲ್ಲ ಎಂದು ತಿಳಿದುಕೊಂಡಿದ್ದ.

ಸಿಟ್ಟು ಬಂದಾಗೆಲ್ಲ ‘ಕೂತ್ಕೋ’ ಅಂತ ಅವನನ್ನ ನೆಲಕ್ಕೆ ಅಪ್ಪಳಿಸೋದು ಸರೀನಾ?

ಅವನ ಕೊರಳಿಗೆ ಕಯೆಡೆ ಹಾಕಿದ ಜಪಮಣಿ ಸರ ಅದು. ಕಗೋಮೆ ‘ಓಸುವಾರಿ’ ಅಂದರೆ ಸಾಕು, ಅವನು ಮುಖ ಅಡಿಯಾಗಿ ಬೀಳುತ್ತಾನೆ. ನಾಯಿಗೆ ಕೂರು ಎಂದು ಹೇಳುವ ಮಾತೇ ಅದು. ನಗಿಸಲು ಇಟ್ಟದ್ದು ನಿಜ. ಆದರೆ ಕಗೋಮೆ ಯಾವಾಗ ಆ ಮಾತು ಆಡುತ್ತಾಳೆ, ಯಾವಾಗ ಆಡುವುದಿಲ್ಲ ಎಂದು ಗಮನಿಸಿ. ಸಣ್ಣಪುಟ್ಟ ಮುನಿಸಿಗೆ ಧಾರಾಳವಾಗಿ ಅನ್ನುತ್ತಾಳೆ. ಕಿಕ್ಯೊ ವಿಷಯದಲ್ಲಿ ನಿಜವಾಗಿ ಮನಸ್ಸು ಮುರಿದಾಗ ಅವಳು ಕೂಗಾಡುವುದಕ್ಕಿಂತ ಸುಮ್ಮನೆ ಬಾವಿಯ ಕಡೆ ನಡೆಯುವುದೇ ಹೆಚ್ಚು.

ತಾನು ಕಿಕ್ಯೊ ಹತ್ರ ಹೋಗಬಹುದು, ಕಗೋಮೆ ಕೊಗಾ ಜೊತೆ ಮಾತಾಡಬಾರದು. ಇದ್ಯಾವ ನ್ಯಾಯ?

ನ್ಯಾಯವಲ್ಲ. ತೋಳ ಕುಲದ ನಾಯಕ ಕೊಗಾ ಬಂದು ಕಗೋಮೆ ನನ್ನವಳು ಎಂದು ಎಲ್ಲರೆದುರು ಸಾರಿಬಿಡುತ್ತಾನೆ, ಇವನಿಗೆ ಮೈಯೆಲ್ಲ ಉರಿ. ಜಗಳ ಮಿತಿ ಮೀರಿದರೆ ಕಗೋಮೆ ‘ಓಸುವಾರಿ’ ಅಂದು ಇವನನ್ನು ಬೀಳಿಸಿ ಕೊಗಾನನ್ನು ಪಾರು ಮಾಡುತ್ತಾಳೆ, ಅದರಿಂದ ಉರಿ ಇಮ್ಮಡಿ. ಇವನ ಹೊಟ್ಟೆಕಿಚ್ಚು ಬೊಗಳುತ್ತದೆ, ಅವಳದ್ದು ನುಂಗಿಕೊಳ್ಳುತ್ತದೆ. ಕೊಗಾ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು: ಪ್ರೀತಿ ಇದೆ ಎಂದು ಬಾಯಿ ಬಿಟ್ಟು ಹೇಳುವ ಧೈರ್ಯ ಈ ಕಥೆಯಲ್ಲಿ ಅವನಿಗೆ ಇದ್ದಷ್ಟು ಇನ್ಯಾರಿಗೂ ಇಲ್ಲ.

ಹೋಜೊ ಪಾಪ ಅಲ್ವಾ?

ಪಾಪವೇ. ಹೋಜೊ ಕಗೋಮೆಯನ್ನು ಮೆಚ್ಚಿದ ಅವಳ ಶಾಲೆಯ ಹುಡುಗ. ಬಾವಿಯಾಚೆ ಹೋದ ಮೊಮ್ಮಗಳಿಗೆ ತಾತ ಶಾಲೆಯಲ್ಲಿ ಹೊಸ ಹೊಸ ಕಾಯಿಲೆ ಹೇಳುತ್ತಾರೆ, ಈ ಹುಡುಗ ಪ್ರತಿ ಕಾಯಿಲೆಗೂ ಒಂದು ಮದ್ದು ಹುಡುಕಿ ತಂದುಕೊಡುತ್ತಾನೆ. ಅವನನ್ನು ಮೆಚ್ಚಲು ಕಾರಣ ಬೇಕಾದಷ್ಟಿದೆ. ಕಗೋಮೆಯ ಮನಸ್ಸು ಅತ್ತ ತಿರುಗುವುದಿಲ್ಲ, ಅಷ್ಟೆ.

## ಓದಿ ಮುಗಿಸಿದವರಿಗೆ

ಕಗೋಮೆ ಯಾಕೆ ಅವನನ್ನ ಬಿಟ್ಟು ಹೋಗಲಿಲ್ಲ? ಅವಳಿಗೆ ಸ್ವಾಭಿಮಾನ ಇಲ್ವಾ?

ಹೋಗಿದ್ದಾಳೆ. ಆ ಹೋಗಿ ಬಂದ ಅಧ್ಯಾಯಗಳೇ ನನ್ನ ಪ್ರಕಾರ ಇಡೀ ಕಥೆಯ ನಡುಗಂಬ.

ಅದಕ್ಕೂ ಮೊದಲು ಒಂದು ದೃಶ್ಯ ಇದೆ. ಕಿಕ್ಯೊಳ ಆ ಆತ್ಮ ಹೊರುವ ಜೀವಿಗಳು ಕಗೋಮೆಯನ್ನು ಮರಕ್ಕೆ ಸುತ್ತಿ ಹಿಡಿದಿವೆ. ಕೆಲವೇ ಹೆಜ್ಜೆ ಆಚೆ ಇನುಯಾಶಾ ಬಂದು ನಿಲ್ಲುತ್ತಾನೆ. ಮಾಟದ ಮರೆಯಲ್ಲಿರುವ ಅವಳು ಅವನಿಗೆ ಕಾಣುವುದಿಲ್ಲ, ಅವಳಿಗೆ ಎಲ್ಲ ಕಾಣುತ್ತದೆ. ಕಿಕ್ಯೊ ಅವನಿಗೆ ಮುತ್ತಿಡುತ್ತಾಳೆ, ಅವನು ಅಪ್ಪಿಕೊಳ್ಳುತ್ತಾನೆ, ಅವರಿಬ್ಬರ ಕಾಲಡಿಯ ನೆಲ ಬಾಯಿ ತೆರೆಯುತ್ತದೆ. ಅಷ್ಟೆಲ್ಲ ನೋಡಿದ ಕಣ್ಣಲ್ಲೇ ಕಗೋಮೆ ಅವನ ಹೆಸರು ಹಿಡಿದು ಕಿರುಚುತ್ತಾಳೆ, ಮಾಟ ಒಡೆಯುತ್ತದೆ, ಅವನು ಉಳಿಯುತ್ತಾನೆ. ಹೊಟ್ಟೆಯಲ್ಲಿ ಉರಿಯೂ ಗಂಟಲಲ್ಲಿ ಕರೆಯೂ ಒಟ್ಟಿಗೇ ಇದ್ದ ಗಳಿಗೆ ಅದು.

ಮುಂದೆ ಇನ್ನೊಂದು ದಿನ ಅವರಿಬ್ಬರನ್ನು ಒಟ್ಟಿಗೆ ಕಂಡಾಗ ಅವಳು ಟೋಕಿಯೊಗೆ ವಾಪಸ್ಸಾಗುತ್ತಾಳೆ. ತನ್ನ ಮನೆಯಂಗಳದ ಅದೇ ದೇವಮರದ ಹತ್ತಿರ ಯೋಚಿಸುತ್ತಾಳೆ, ಐನೂರು ವರ್ಷ ಹಿಂದೆ ಅವನು ಜಡಿಸಿಕೊಂಡಿದ್ದ ಮರ. ಆಮೇಲೆ ಅವನೆದುರು ಬಂದು ಅವಳು ಹೇಳುವುದರ ಸಾರ ಇಷ್ಟು. ನಿಮ್ಮಿಬ್ಬರ ಬಂಧ ಕಡಿಯುವಂಥದ್ದಲ್ಲ ಎಂದು ನನಗೆ ಅರ್ಥವಾಗಿದೆ. ನಾನು ಕಿಕ್ಯೊ ಅಲ್ಲ. ಆದರೆ ನಿನ್ನನ್ನು ಮತ್ತೊಮ್ಮೆ ನೋಡಬೇಕೆಂಬ ಆಸೆ ಮಾತ್ರ ನಮ್ಮಿಬ್ಬರಲ್ಲೂ ಒಂದೇ. ನಿನ್ನ ಜೊತೆ ಇರಬಹುದಾ?

ಇದನ್ನು ಸೋಲು ಎಂದು ಓದುವವರಿದ್ದಾರೆ. ನಾನು ಹಾಗೆ ಓದಿಲ್ಲ. ಅವಳು ಅವನಿಂದ ಯಾವ ಭಾಷೆಯನ್ನೂ ಕೇಳಲಿಲ್ಲ, ಕಿಕ್ಯೊಳನ್ನು ಬಿಡು ಎನ್ನಲಿಲ್ಲ, ತನಗೆ ನೋವಾಗುವುದಿಲ್ಲ ಎಂದು ಸುಳ್ಳೂ ಹೇಳಲಿಲ್ಲ. ತನಗೇನು ಬೇಕು ಎಂದು ನೋಡಿಕೊಂಡು, ಅದರ ಬೆಲೆ ಗೊತ್ತಿದ್ದೂ ಕೇಳಿದಳು. ಹದಿನೈದರ ಹುಡುಗಿ ಆಡಿದ ಈ ಮಾತಿಗೆ ಬೇಕಾದ ಗಟ್ಟಿತನ ನನ್ನಲ್ಲಿ ಇದೆಯಾ ಎಂದು ಪ್ರತಿ ಸಲ ಓದಿದಾಗಲೂ ಕೇಳಿಕೊಳ್ಳುತ್ತೇನೆ.

ನರಾಕುವಿನದ್ದೂ ಪ್ರೀತಿಯೇ ಅಂತಾರಲ್ಲ ಕೆಲವರು?

ಅವನ ಬೇರು ಓನಿಗುಮೊ ಎಂಬ ದರೋಡೆಕೋರ. ಮೈಯೆಲ್ಲ ಸುಟ್ಟು ಅಲುಗಾಡಲಾರದೆ ಗುಹೆಯಲ್ಲಿ ಬಿದ್ದಿದ್ದವನಿಗೆ ಉಪಚಾರ ಮಾಡಿದವಳು ಕಿಕ್ಯೊ. ಅವಳು ಬೇಕು ಎಂಬ ಆಸೆಗೆ ಅವನು ತನ್ನ ಮೈಯನ್ನೇ ರಾಕ್ಷಸರ ಬಾಯಿಗೆ ಕೊಟ್ಟ. ಅವರೆಲ್ಲ ಸೇರಿ ನರಾಕು ಹುಟ್ಟಿದ. ಹುಟ್ಟಿದವನು ಮಾಡಿದ ಮೊದಲ ಕೆಲಸ ಅವಳನ್ನು ಕೊಂದದ್ದು. ಮುಂದೆ ಓನಿಗುಮೊನ ಹೃದಯ ತನ್ನೊಳಗೆ ಇರುವುದೇ ಅವನಿಗೆ ಅವಮಾನ, ಕಿತ್ತು ಹೊರಗೆ ಹಾಕಲು ಎಷ್ಟೋ ಒದ್ದಾಡುತ್ತಾನೆ. ಸಾಯುವಾಗ ಮಾತ್ರ ತನಗೆ ಬೇಕಿದ್ದದ್ದು ಕಿಕ್ಯೊಳ ಮನಸ್ಸು ಎಂದು ಒಪ್ಪಿಕೊಳ್ಳುತ್ತಾನೆ. ಪ್ರೀತಿ ಎಂಬ ಹೆಸರು ಕೊಡಲು ನನಗೆ ಮನಸ್ಸಿಲ್ಲ. ಆದರೆ ಕಗೋಮೆಯ ಕಿಚ್ಚಿಗೂ ಇವನ ಕಿಚ್ಚಿಗೂ ಇರುವ ಅಂತರ ಇಲ್ಲಿ ಸ್ಪಷ್ಟ. ಅವಳು ತನ್ನದನ್ನು ತನ್ನದು ಎಂದಳು, ಇವನು ಬಚ್ಚಿಟ್ಟ.

ಇದೇ ಲೇಖಕಿ ಮೊದಲ ಪ್ರೀತಿಯ ನೆರಳನ್ನ ಬೇರೆಲ್ಲಾದ್ರೂ ಬರೆದಿದ್ದಾರಾ?

ಬರೆದಿದ್ದಾರೆ. 1980ರಿಂದ 1987ರವರೆಗೆ ಬಂದ ‘ಮೇಝೊನ್ ಇಕ್ಕೊಕು’ ಓದಿ. ಅದರಲ್ಲಿ ರಾಕ್ಷಸರಿಲ್ಲ, ಬಾಡಿಗೆದಾರರ ಹಳೇ ವಠಾರ ಇದೆ. ಅದನ್ನು ನೋಡಿಕೊಳ್ಳುವ ಕ್ಯೋಕೊ ಎಳೆಯ ವಿಧವೆ. ಮೊದಲ ಪ್ರೀತಿಯನ್ನೇ ಮದುವೆಯಾಗಿ, ವರ್ಷ ತುಂಬುವ ಮೊದಲೇ ಕಳೆದುಕೊಂಡವಳು. ಸಾಕಿದ ನಾಯಿಗೆ ಗಂಡನ ಹೆಸರಿದೆ. ಸತ್ತವನ ಮುಖವನ್ನು ಓದುಗರಿಗೆ ಒಮ್ಮೆಯೂ ತೋರಿಸುವುದಿಲ್ಲ. ಅವಳನ್ನು ಪ್ರೀತಿಸುವ ಗೊದಾಯ್ ಆ ಮುಖವಿಲ್ಲದವನ ಜೊತೆ ವರ್ಷಗಟ್ಟಲೆ ಮನಸ್ಸಿನಲ್ಲೇ ಹೋರಾಡಿ, ಕೊನೆಗೆ ಸಮಾಧಿಯ ಮುಂದೆ ನಿಂತು, ನಿಮ್ಮನ್ನೂ ಸೇರಿಸಿ ಅವಳನ್ನು ಒಪ್ಪಿಕೊಳ್ಳುತ್ತೇನೆ ಎಂಬರ್ಥದ ಮಾತಾಡುತ್ತಾನೆ. ಅಲ್ಲಿ ಸತ್ತವನು ಏಳುವುದಿಲ್ಲ. ಇಲ್ಲಿ ಕಿಕ್ಯೊ ಎದ್ದು ಬಂದು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾಳೆ, ಕಗೋಮೆಯ ಪಾಲಿಗೆ ಅದು ಇನ್ನೂ ಕಠಿಣ.

ಕಿಕ್ಯೊ ಸತ್ತಿದ್ದಕ್ಕೇ ಕಗೋಮೆ ಗೆದ್ದಳು. ಬದುಕಿದ್ದಿದ್ರೆ?

ಸಾವಿನಿಂದ ಲಾಭ ಪಡೆದವಳು ಎಂದು ಅವಳನ್ನು ಕರೆಯಬೇಕಾದರೆ ಆ ಸಾವನ್ನು ಅವಳು ಒಮ್ಮೆಯಾದರೂ ಬಯಸಿರಬೇಕಿತ್ತು. ಹಕುರೇ ಬೆಟ್ಟದಲ್ಲಿ ನರಾಕು ಇರಿದು ಕೆಡವಿದ ಮೇಲೆ ಕಿಕ್ಯೊ ವಿಷ ತುಂಬಿದ ಗಾಯದೊಂದಿಗೆ ನೀರಿನಲ್ಲಿ ಮಲಗಿರುತ್ತಾಳೆ. ಆ ವಿಷ ತೊಳೆಯುವ ಶಕ್ತಿ ಇದ್ದದ್ದು ಕಗೋಮೆಗೆ ಮಾತ್ರ. ಕೈ ಕಟ್ಟಿ ನಿಂತಿದ್ದರೂ ಸಾಕಿತ್ತು. ಅವಳು ಗಾಯದ ಮೇಲೆ ಕೈಯಿಟ್ಟಳು.

ಇನ್ನೊಂದು ಮಾತು. ಕಿಕ್ಯೊ ಹೋಗುವಾಗ ಇನ್ನೂ ಎಂಟೊಂಬತ್ತು ಸಂಪುಟ ಬಾಕಿ ಇರುತ್ತದೆ. ಅವಳು ಹೋದ ತಕ್ಷಣ ಇವರಿಬ್ಬರಿಗೆ ಮದುವೆ ಮಾಡಿಸಿ ಕಥೆ ಮುಗಿಸಲಿಲ್ಲ. ಮಣಿ ಮಾಯವಾದ ಮೇಲೂ ಬಾವಿ ಮುಚ್ಚಿಹೋಗಿ ಇಬ್ಬರೂ ಮೂರು ವರ್ಷ ದೂರ ಇರಬೇಕಾಯಿತು. ಓದು ಮುಗಿಸಿದ ಹದಿನೆಂಟರ ಕಗೋಮೆ ತಾನೇ ಆರಿಸಿಕೊಂಡು ಆ ಕಾಲಕ್ಕೆ ಮರಳಿದಳು. ಕಿಕ್ಯೊ ಬಿಟ್ಟುಹೋದ ಜಾಗದಲ್ಲಿ ಕೂರಲು ಅಷ್ಟು ದೂರ ನಡೆಯಬೇಕಿರಲಿಲ್ಲ.

ಕಗೋಮೆಯ ಆ ಕಿಚ್ಚು ಕೊನೆಗಾದ್ರೂ ಆರುತ್ತಾ?

ಆರಿತು ಎಂದು ಲೇಖಕಿ ಎಲ್ಲೂ ಬರೆದಿಲ್ಲ, ಅದಕ್ಕೇ ನನಗೆ ಈ ಕಥೆ ನಿಜ ಅನ್ನಿಸುವುದು. ನರಾಕು ತನ್ನಿಂದ ಕತ್ತರಿಸಿ ತೆಗೆದ ಹಸುಳೆಯೊಂದು ಕಗೋಮೆಯ ಎದೆಯೊಳಗೆ ಕತ್ತಲೆ ಹುಡುಕುತ್ತದೆ, ಸಿಗುವುದು ಕಿಕ್ಯೊ ಮೇಲಿನ ಹೊಟ್ಟೆಕಿಚ್ಚು. ಅದನ್ನೇ ಹಿಡಿದು ಅವಳನ್ನು ವಶ ಮಾಡಿಕೊಳ್ಳಲು ನೋಡುತ್ತದೆ, ಆಗುವುದಿಲ್ಲ. ಅಲ್ಲಿ ಕಿಚ್ಚು ಇರುವುದು ಅವಳಿಗೆ ಮೊದಲೇ ಗೊತ್ತಿತ್ತು.

ಕೊನೆಯ ಸಲ ಕಿಕ್ಯೊ ನರಾಕುವಿನ ಜೇಡರ ನೂಲಿಗೆ ಸಿಕ್ಕಿದಾಗ, ಉಳಿಸುವ ಬಿಲ್ಲು ತರಲು ಕಗೋಮೆ ಅಜುಸಾ ಬೆಟ್ಟ ಹತ್ತುತ್ತಾಳೆ. ಬೆಟ್ಟದ ಶಕ್ತಿ ಕಿಕ್ಯೊಳ ರೂಪದಲ್ಲೇ ಎದುರು ಬಂದು ಅವಳ ಮನಸ್ಸು ಕೆದಕುತ್ತದೆ. ಬಿಲ್ಲು ಅವಳ ಕೈ ಸೇರುತ್ತದೆ. ಹೊತ್ತು ಓಡಿ ಬರುತ್ತಾಳೆ. ಆದರೂ ಕಿಕ್ಯೊ ಉಳಿಯುವುದಿಲ್ಲ. ಇನುಯಾಶಾ ಅವಳನ್ನು ತೋಳಲ್ಲಿ ಹಿಡಿದು ಕೂತಿದ್ದಾನೆ, ಮಣ್ಣಿನ ಮೈ ಹಗುರಾಗುತ್ತಿದೆ, ಅವನು ಅಳುತ್ತಿದ್ದಾನೆ, ಮುತ್ತಿಡುತ್ತಾನೆ. ಕಗೋಮೆ ಹತ್ತಿರ ಹೋಗುವುದಿಲ್ಲ. ಉಳಿದವರ ಜೊತೆ ದೂರದಲ್ಲೇ ನಿಂತು ಅವಳೂ ಅಳುತ್ತಾಳೆ.